ಸುಗ್ಗಿ ಗುಡಿಸಲಿನ ಊಟಕ್ಕೂ ಶ್ರೀರಂಗಪಟ್ಟಣಕ್ಕೂ ಒಂದು ನಂಟು

ರಾಗಿ ಕಾಯೋಕೆ ಹೊಲದಲ್ಲಿ ಹಾಕ್ತೀವಲ್ಲ, ಅಂಥದ್ದೇ ಸೋಗೆ ಗುಡಿಸಲು ಹಾಕಿ ಅದರೊಳಗೆ ಕೂತು ಸುಗ್ಗಿ ಊಟ ಮಾಡುವ ಜನ ಇದ್ದಾರೆ. ಅವರು ಯಹೂದಿಗಳು. ಹಬ್ಬದ ಹೆಸರು ಸುಕ್ಕೋತ್.

ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬರುವ ಈ ಹಬ್ಬಕ್ಕೆ ಏಳು ದಿನ ಗುಡಿಸಲಲ್ಲೇ ಊಟ. ಚಾವಣಿಗೆ ಸೊಪ್ಪು, ಗರಿ. ರಾತ್ರಿ ಸಂದಿಯಿಂದ ನಕ್ಷತ್ರ ಕಾಣಬೇಕು. ಪೂಜೆಗೆ ಖರ್ಜೂರದ ಗರಿ, ಮಾದಲ ಹಣ್ಣು. ಈ ಸುಗ್ಗಿಯ ಸಂತೋಷದಲ್ಲಿ ಮನೆಯವರ ಜೊತೆ ಆಳು, ಪರದೇಶಿ, ತಬ್ಬಲಿ, ವಿಧವೆ ಎಲ್ಲರೂ ಇರಬೇಕು ಅಂತ ಅವರ ಧರ್ಮಗ್ರಂಥವೇ ಹೇಳುತ್ತದೆ.

ನಮ್ಮ ದೇಶದಲ್ಲಿ ಯಹೂದಿಗಳ ದೊಡ್ಡ ಗುಂಪು ಬೆನೆ ಇಸ್ರೇಲ್. ಮೂಲ ನೆಲೆ ಕೊಂಕಣ ಕರಾವಳಿ, ಮನೆಮಾತು ಮರಾಠಿ, ಹಳೇ ಕಸುಬು ಎಣ್ಣೆ ಗಾಣ. ಶನಿವಾರ ಗಾಣ ತಿರುಗಿಸುತ್ತಿರಲಿಲ್ಲವಾದ್ದರಿಂದ ಊರವರು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು ಅಂತ ಕರೆದರು. ಕೆಲವರು ಕಂಪನಿ ಸರ್ಕಾರದ ಪಲ್ಟನ್ ಸೇರಿದರು. ಹಾಗೆ ಸೇರಿದವರಲ್ಲಿ ಸ್ಯಾಮುಯೆಲ್ ದಿವೇಕರ್ ಒಬ್ಬರು.

1780ರಿಂದ 1784ರವರೆಗೆ ನಡೆದ ಎರಡನೇ ಮೈಸೂರು ಯುದ್ಧದಲ್ಲಿ ದಿವೇಕರ್ ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕರು. ಮುಂದಿನದು ಬೆನೆ ಇಸ್ರೇಲಿಗಳು ತಲೆಮಾರಿನಿಂದ ಹೇಳಿಕೊಂಡು ಬಂದ ಕಥೆ. ಸೆರೆಯಾಳುಗಳನ್ನು ನೀವು ಯಾವ ಜನ ಅಂತ ಕೇಳಿದಾಗ ಅವರು "ಬೆನೆ ಇಸ್ರೇಲ್" ಅಂದರಂತೆ. ಟಿಪ್ಪುವಿನ ತಾಯಿಗೆ ಆ ಮಾತು ತಟ್ಟಿತು. ಕುರಾನಿನಲ್ಲಿ ಬನೀ ಇಸ್ರಾಯೀಲ್ ಅಂತ ಬರುವ ಜನ ಇವರೇ, ಜೀವ ತೆಗೆಯಬೇಡ ಅಂತ ಮಗನನ್ನು ಕೇಳಿಕೊಂಡರಂತೆ.

ಟಿಪ್ಪು ಹೆಸರು ಎತ್ತಿದರೆ ನಮ್ಮ ಕಡೆ ಅರಳಿಕಟ್ಟೆಯಲ್ಲೇ ಎರಡು ಗುಂಪಾಗುತ್ತೆ. ಆ ಜಗಳದಲ್ಲಿ ಈ ತಾಯಿಯ ಮಾತು ಬಂದದ್ದನ್ನು ನಾವು ಕೇಳಿಲ್ಲ. ಆಕೆಯ ಗೋರಿ ಗಂಜಾಮ್ ಗುಂಬಜ್‌ನಲ್ಲೇ ಇದೆ, ಗಂಡ ಹೈದರ್ ಮತ್ತು ಮಗನ ಗೋರಿಗಳ ಪಕ್ಕದಲ್ಲಿ.

ಕಥೆ ಕಥೆಯೇ ಇರಲಿ, ಕಟ್ಟಡವಂತೂ ಉಂಟು. ಬದುಕಿ ಬಂದ ದಿವೇಕರ್ 1796ರಲ್ಲಿ ಮುಂಬೈನಲ್ಲಿ ತಮ್ಮವರ ಮೊದಲ ಪ್ರಾರ್ಥನಾ ಮಂದಿರ ಕಟ್ಟಿಸಿದರು. ಅದರ ಹೆಸರು ಶಾರ್ ಹರಹಮೀಮ್, ಅಂದರೆ ಕರುಣೆಯ ಬಾಗಿಲು. ಅದು ಇರುವ ಬೀದಿಗೆ ಸ್ಯಾಮುಯೆಲ್ ಸ್ಟ್ರೀಟ್ ಅಂತಲೇ ಹೆಸರು.

ಇವರ ಹಬ್ಬದಡುಗೆ ನಮಗೆ ಹೊಸದೇನಲ್ಲ. ಹಿಂದೆ ಅವರಲ್ಲಿ 'ಖೀರಿಚಾ ಸಣ್' ಅಂತ ಒಂದು ಹಬ್ಬ ಇತ್ತು. ಮರಾಠಿಯಲ್ಲಿ ಪಾಯಸದ ಹಬ್ಬ ಅಂತ ಅರ್ಥ. ಹೊಸ ಫಸಲಿನ ಕಾಳಿಗೆ ತೆಂಗಿನ ಹಾಲು, ಸಿಹಿ ಹಾಕಿ ಕುದಿಸಿ, ಧೂಪ ಹಾಕಿ, ಪ್ರಾರ್ಥನೆ ಮಾಡಿ ಉಣ್ಣುತ್ತಿದ್ದರು. ಹರಕೆ ತೀರಿದಾಗ, ಶುಭಕಾರ್ಯದಲ್ಲಿ ಇವತ್ತಿಗೂ 'ಮಲಿದಾ' ಮಾಡುತ್ತಾರೆ. ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಿಹಿ ಕಲೆಸಿ, ಮೇಲೆ ಹಣ್ಣಿಟ್ಟು, ಪ್ರವಾದಿ ಎಲಿಯಾನನ್ನು ನೆನೆದು ಬಂದವರಿಗೆಲ್ಲ ಹಂಚುತ್ತಾರೆ. ಶ್ರಾವಣ ಶನಿವಾರ ನಮ್ಮ ದೇವಸ್ಥಾನದಲ್ಲಿ ಪ್ರಸಾದಕ್ಕೆ ಕೈ ಒಡ್ಡಿದರೂ ಹೆಚ್ಚುಕಮ್ಮಿ ಇದೇ ಸಿಕ್ಕೀತು.