ಕಾರ್ನ್‌ವಾಲ್: ಗಣಿ ಮುಚ್ಚಿತು, ರೇಡಾನ್ ಉಳಿಯಿತು

ಇಂಗ್ಲೆಂಡಿನ ನೈಋತ್ಯ ತುದಿಯ ಕೌಂಟಿ ಕಾರ್ನ್‌ವಾಲ್. ಮೂರು ಕಡೆ ಕಡಲು. ಪೂರ್ವದಲ್ಲಿ ಬಹುಪಾಲು ಟೇಮರ್ ನದಿಯೇ ಗಡಿ. ಇಲ್ಲಿನ ಗ್ರಾನೈಟ್ ಬಂಡೆಗಳ ಬಿರುಕುಗಳಲ್ಲಿ ಹರಿದ ಬಿಸಿ ದ್ರವಗಳು ತವರ, ತಾಮ್ರದ ಅದಿರನ್ನು ಬಿಟ್ಟುಹೋದವು. ಗಣಿಯ ನೀರೆತ್ತಲು ಉಗಿಯಂತ್ರಗಳು ಬಂದವು. ಕ್ಯಾಂಬೋರ್ನ್‌ನಲ್ಲಿ 1801ರಲ್ಲಿ ರಿಚರ್ಡ್ ಟ್ರೆವಿಥಿಕ್ ಉಗಿಬಂಡಿಯನ್ನೇ ರಸ್ತೆಗಿಳಿಸಿದ. 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದಾಗ ಗಣಿಗಾರರು ದೇಶಾಂತರ ಹೊರಟರು. ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಗೂ ಕಾರ್ನ್‌ವಾಲ್‌ನವರು ಬಂದರು. ಸೌತ್ ಕ್ರಾಫ್ಟಿ ತವರದ ಗಣಿ 1998ರಲ್ಲಿ ಮುಚ್ಚಿತು. 2006ರಲ್ಲಿ ಈ ಗಣಿಪ್ರದೇಶ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಈಗ ಪ್ರವಾಸೋದ್ಯಮವೇ ದೊಡ್ಡ ಆಸರೆ, ಜತೆಗೆ ಸೇಂಟ್ ಆಸ್ಟೆಲ್ ಸುತ್ತಲಿನ ಚೈನಾ ಕ್ಲೇ.

ಗಣಿ ಮುಚ್ಚಿದರೆ ಅಪಾಯವೂ ಮುಗಿಯಿತೇ? ಇಲ್ಲ. ಅದು ಗಣಿಯದ್ದಲ್ಲ, ನೆಲದ್ದು. ಗ್ರಾನೈಟ್‌ನಲ್ಲಿರುವ ಯುರೇನಿಯಂ ಕ್ಷಯಿಸುತ್ತಾ ಹೋದಂತೆ ರೇಡಾನ್ ಅನಿಲ ಹುಟ್ಟುತ್ತದೆ. ಬಣ್ಣ, ವಾಸನೆ ಎರಡೂ ಇಲ್ಲದ ಇದು ನೆಲದ ಬಿರುಕುಗಳಿಂದ ಮನೆಯೊಳಗೆ ಸೇರುತ್ತದೆ. ವರ್ಷಾನುಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು, ಧೂಮಪಾನಿಗಳಿಗಂತೂ ಇನ್ನೂ ಹೆಚ್ಚು. ಹಾಗೆಂದು ಮನೆ ಬಿಟ್ಟು ಓಡಬೇಕಿಲ್ಲ. ಪುಟ್ಟ ಪ್ಲಾಸ್ಟಿಕ್ ಮಾಪಕವನ್ನು 3 ತಿಂಗಳು ಮನೆಯಲ್ಲಿಟ್ಟು ಅಳೆಯುತ್ತಾರೆ. ಘನ ಮೀಟರಿಗೆ 200 ಬೆಕೆರೆಲ್ ಮುಟ್ಟಿದರೆ, ನೆಲದಡಿ ಗುಂಡಿ ತೋಡಿ ಫ್ಯಾನ್ ಮೂಲಕ ಅನಿಲವನ್ನು ಹೊರಗೆ ಬಿಡುತ್ತಾರೆ.