ಕ್ರಯಕ್ಕೆ ಬಂದ ಮನೆಯ ಬಾಡಿಗೆದಾರ

ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ದೊರೆತ ಓಲೆಯ ಪ್ರತಿಯನ್ನು ಶೋಧಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅರಸರ ಕುಟಿಲನೀತಿಯ ಗ್ರಂಥವೆಂದು ಮಾತ್ರ ಬಗೆದು ಓದುವವರು, ಅದರ ಮೂರನೆಯ ಅಧಿಕರಣದಲ್ಲಿ ಗೋಡೆ, ಬಚ್ಚಲು, ಕಿಟಕಿಗಳ ವ್ಯಾಜ್ಯಗಳನ್ನು ಕುರಿತು ಬರುವ ಭಾಗವನ್ನು ಲಕ್ಷಿಸದೆ ದಾಟಿಬಿಡುವುದುಂಟು. ಬಾಡಿಗೆಯನ್ನು ಸಲ್ಲಿಸುತ್ತಿರುವವನನ್ನು ಹೊರಡಿಸಿದ ಒಡೆಯನಿಗೂ, ಬಿಡೆಂದರೂ ಬಿಡದೆ ನಿಂತ ನಿವಾಸಿಗೂ ಸಮನಾಗಿ 12 ಪಣಗಳ ದಂಡವನ್ನು ವಿಧಿಸಿರುವುದು ಅಲ್ಲಿಯೇ. ನಿಂದೆ, ಕಳವು ಮೊದಲಾದ ಅಪರಾಧಗಳನ್ನೆಸಗಿದವನಿಗೆ ಈ ರಕ್ಷಣೆಯಿಲ್ಲ. ತಾನಾಗಿ ಬಿಟ್ಟುಹೋಗುವವನು ವರ್ಷದ ಬಾಡಿಗೆಯ ಶೇಷವನ್ನು ತೆತ್ತು ಹೋಗತಕ್ಕದ್ದು.

ಇಷ್ಟು ಸಮದೃಷ್ಟಿಯಿಂದ ವಿಧಿಸಿದ ಗ್ರಂಥವೇ ಮುಂದಿನ ಅಧ್ಯಾಯದಲ್ಲಿ ವಾಸ್ತುವಿನ ವಿಕ್ರಯವನ್ನೆತ್ತಿಕೊಂಡಾಗ, ಜ್ಞಾತಿಗಳು, ನೆರೆಯವರು, ಧನಿಕರು ಎಂಬ ಕ್ರಮದಲ್ಲಿ ಕೊಳ್ಳುವ ಅಧಿಕಾರವನ್ನು ಹಂಚಿ, ಸುತ್ತಣ 40 ಕುಲಗಳವರ ಸಮಕ್ಷಮದಲ್ಲಿ ಮನೆಯ ಮುಂದೆ ಮಾರಾಟವನ್ನು ಸಾರಬೇಕೆಂದು ಹೇಳುತ್ತದೆಯೇ ಹೊರತು, ಆ ಬಾಗಿಲಿನ ಒಳಗೆ ಬಾಡಿಗೆಗಿರುವವನ ಗತಿಯೇನೆಂದು ಹೇಳುವುದಿಲ್ಲ. ವಿಜಯನಗರದ ಶಾಸನಗಳಿಂದ ಇಳಿದುಬಂದು ನಮ್ಮ ಹಿರಿಯರ ಕ್ರಯಪತ್ರಗಳಲ್ಲಿಯೂ ನೆಲೆನಿಂತ ಅಷ್ಟಭೋಗಗಳ ಪಟ್ಟಿಯಲ್ಲಿಯೂ ಇದೇ ಮೌನ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂದು ನೆಲದಡಿಯಲ್ಲಿ ಹೂತಿರಬಹುದಾದ ಹೊನ್ನಿನವರೆಗೆ ಎಲ್ಲವನ್ನೂ ಎಣಿಸಿ ಒಪ್ಪಿಸಿದ ಬರಹಗಾರನಿಗೆ, ಒಲೆ ಹೊತ್ತಿಸಿಕೊಂಡು ಮನೆಯೊಳಗಿದ್ದ ಸಂಸಾರವು ಕಾಣಲಿಲ್ಲ. ಪಶ್ಚಿಮದ ರೋಮನ್ ನ್ಯಾಯಶಾಸ್ತ್ರವಾದರೋ ಇನ್ನೂ ನಿಷ್ಠುರವಾಗಿತ್ತು: ಬಾಡಿಗೆಯ ಒಪ್ಪಂದವು ಅದನ್ನು ಮಾಡಿಕೊಂಡ ಇಬ್ಬರನ್ನು ಮಾತ್ರ ಕಟ್ಟುವುದಾದುದರಿಂದ, ಬೇರೆ ಷರತ್ತಿಲ್ಲದೆ ಕೊಂಡವನು ಇದ್ದವನನ್ನು ಎಬ್ಬಿಸಬಹುದಾಗಿತ್ತು. 1888ರಲ್ಲಿ ಜರ್ಮನ್ ಸಂಹಿತೆಯ ಮೊದಲ ಕರಡು ಆ ರೋಮನ್ ಮತವನ್ನೇ ಹಿಡಿದಾಗ ಗೀರ್ಕೆಯಂತಹ ವಿದ್ವಾಂಸರು ತೀವ್ರವಾಗಿ ಪ್ರತಿಭಟಿಸಿದರು. 1900ರಲ್ಲಿ ಸಂಹಿತೆಯು ಜಾರಿಗೆ ಬಂದಾಗ ಅದರಲ್ಲಿದ್ದುದು ತದ್ವಿರುದ್ಧವಾದ ವಿಧಿ.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕೊಟ್ಟುದು 1882ರ ಸ್ವತ್ತು ವರ್ಗಾವಣೆ ಕಾಯಿದೆ. ಅದರ 109ನೆಯ ಪ್ರಕರಣದ ಮೇರೆಗೆ ಮನೆಯನ್ನು ಕೊಂಡವನು ಹಳೆಯ ಒಡೆಯನ ಹಕ್ಕುಗಳಿಗೆ ಬಾಧ್ಯನಾಗುವನು; ಬಾಡಿಗೆದಾರನು ಬಯಸಿದಲ್ಲಿ ಆತನ ಹೊಣೆಗಳಿಗೂ ಬದ್ಧನಾಗುವನು. ಮಾರಾಟವನ್ನು ತಿಳಿಯದೆ ಹಳಬನಿಗೆ ಕೊಟ್ಟ ಬಾಡಿಗೆಯನ್ನು ಹೊಸಬನು ಮತ್ತೆ ಕೇಳುವಂತಿಲ್ಲ. ಬಾಡಿಗೆ ಸಲ್ಲಿಸಿ ಕರಾರಿನಂತೆ ನಡೆಯುವವನು ಅವಧಿ ಮುಗಿಯುವತನಕ ಅಡಚಣೆಯಿಲ್ಲದೆ ಇರಬಹುದೆಂಬ ವಚನವು, ಬರೆದಿರಲಿ ಬಿಟ್ಟಿರಲಿ, ಒಡೆಯನ ಬಾಯಿಂದ ಬಂದಂತೆಯೇ ಎಂದು 108ನೆಯ ಪ್ರಕರಣವು ಭಾವಿಸುತ್ತದೆ. ಯುಕ್ತವಾದ ವೇಳೆಯಲ್ಲಿ ಒಳಬಂದು ಮನೆಯ ಸ್ಥಿತಿಯನ್ನು ನೋಡಲು ಒಡೆಯನಿಗೂ ಆತನ ಪ್ರತಿನಿಧಿಗೂ ಅವಕಾಶ ಕೊಡಬೇಕೆಂಬುದೇನೋ ಅಲ್ಲಿ ಇದೆ. ಆದರೆ ಮನೆಯನ್ನು ಮಾರಲು ಹೊರಟವನು ಹೊತ್ತುಗೊತ್ತಿಲ್ಲದೆ ದಲ್ಲಾಳಿಗಳನ್ನೂ ಅಪರಿಚಿತರನ್ನೂ ಕರೆತಂದು, ದೇವರ ಗೂಡಿನಿಂದ ಮಲಗುವ ಕೋಣೆಯವರೆಗೆ ಅಳೆಯಿಸುವುದು ಆ ಮಾತಿನ ಅರ್ಥವಾಗಲಾರದು. 1929ರ ತಿದ್ದುಪಡಿಯು ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಸ್ವತ್ತಿನಲ್ಲಿ ವಾಸ್ತವವಾಗಿ ಇರುವವನಿಗೆ ಯಾವ ಹಕ್ಕಿದ್ದರೂ ಅದು ಕೊಳ್ಳುವವನಿಗೆ ಗೊತ್ತಿದ್ದಂತೆಯೇ ಎಂದು ಸಾರಿತು. ಪತ್ರಗಳನ್ನು ಶೋಧಿಸಿದರೆ ಸಾಲದು, ಬಾಗಿಲು ತಟ್ಟಿ ಒಳಗಿರುವವರನ್ನು ವಿಚಾರಿಸಬೇಕು ಎಂಬ ಈ ವಿಧಿಯು ನನ್ನ ದೃಷ್ಟಿಯಲ್ಲಿ ಇಡೀ ಕಾಯಿದೆಯ ಅತ್ಯಂತ ಮಾನವೀಯವಾದ ಅಂಶ.

ಆದರೂ ತಿಂಗಳ ಬಾಡಿಗೆಯವನಿಗೆ ಇದರಿಂದ ದೊರೆತುದು ಅಲ್ಪ, ಏಕೆಂದರೆ 15 ದಿನಗಳ ತಿಳುವಳಿಕೆ ಪತ್ರದಿಂದ ಅವನ ಇರವು ಕೊನೆಗೊಳ್ಳಬಹುದಾಗಿತ್ತು. ಆ ಕೊರತೆಯನ್ನು ತುಂಬಿದವು ಯುದ್ಧಕಾಲದ ವಸತಿಯ ಅಭಾವದಿಂದ ಹುಟ್ಟಿದ ಬಾಡಿಗೆ ನಿಯಂತ್ರಣದ ಶಾಸನಗಳು. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ, ಕಾರ್ಖಾನೆಗಳೂ ಕಚೇರಿಗಳೂ ಬೆಳೆದಂತೆ, 1951ರ ವೇಳೆಗೆ 8 ಲಕ್ಷದ ಸಮೀಪಕ್ಕೆ ಏರಿತ್ತು. ಏಕೀಕರಣವಾದಾಗ ಧಾರವಾಡಕ್ಕೆ 1947ರ ಮುಂಬಯಿ ಶಾಸನ, ಮಂಗಳೂರಿಗೆ 1949ರ ಮದರಾಸು ಶಾಸನ, ಮೈಸೂರಿಗೆ 1951ರ ತನ್ನದೇ ಶಾಸನ, ಕಲಬುರಗಿಗೆ 1954ರ ಹೈದರಾಬಾದು ಶಾಸನ ಎಂಬಂತೆ ಇದ್ದ ಭೇದವನ್ನು 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆಯು ಅಳಿಸಿತು. ಕಾಯಿದೆಯು ಹೇಳಿದ ಕಾರಣಗಳಲ್ಲೊಂದನ್ನು ರುಜುವಾತುಪಡಿಸದೆ ಯಾವ ನ್ಯಾಯಾಲಯವೂ ಸ್ವಾಧೀನವನ್ನು ಕೊಡಿಸುವಂತಿಲ್ಲವೆಂದು ಅದರ 21ನೆಯ ಪ್ರಕರಣವು ನಿರ್ಬಂಧಿಸಿತು. ಬಾಕಿ ಬಾಡಿಗೆ, ಒಳಬಾಡಿಗೆ, ಒಡೆಯನ ಸ್ವಂತ ಅಗತ್ಯ ಮೊದಲಾದ ಆ ಕಾರಣಗಳ ಸಾಲಿನಲ್ಲಿ ಮನೆಯನ್ನು ಮಾರಬೇಕೆಂಬ ಇಚ್ಛೆಯು ಇರಲಿಲ್ಲ. ಬಾಡಿಗೆದಾರನೇ ಬಿಡುವೆನೆಂದು ತಿಳಿಸಿ, ಆ ಮಾತನ್ನು ನಂಬಿ ಒಡೆಯನು ಮಾರಾಟದ ಕರಾರು ಮಾಡಿಕೊಂಡಿದ್ದ ಸಂದರ್ಭವೊಂದೇ ಅಪವಾದ. ಕೊಂಡವನು ತನಗೇ ಮನೆ ಬೇಕೆಂದು ಬಂದರೆ, ಕಷ್ಟವು ಯಾರಿಗೆ ಹೆಚ್ಚೆಂಬುದನ್ನು ನ್ಯಾಯಾಲಯವು ತೂಗಿ ನೋಡಬೇಕಾಗಿತ್ತು. ಜನರಿರುವ ಮನೆಗೆ ಖಾಲಿ ಮನೆಯ ಬೆಲೆ ಬಾರದೆ ನೊಂದ ಒಡೆಯರೂ ಇದ್ದರೆಂಬುದು ನಿಜ; ಮುದಿ ವಿಧವೆಯೊಬ್ಬಳು ಮಗಳ ಮದುವೆಗಾಗಿ ಇದ್ದೊಂದು ಮನೆಯನ್ನು ಅರೆಬೆಲೆಗೆ ಕೊಡಬೇಕಾಗಿ ಬಂದರೆ ಅದನ್ನು ನ್ಯಾಯವೆಂದು ಹೇಳಲು ನನಗೆ ಮನಸ್ಸು ಬಾರದು. ಆದರೂ ವಾಸವೆಂಬುದಕ್ಕೆ ಬೆಲೆಯೊಂದುಂಟೆಂದು ಮಾರುಕಟ್ಟೆಯೇ ಒಪ್ಪಿಕೊಳ್ಳಬೇಕಾದ ಕಾಲವದು.

2001ರ ಕೊನೆಯ ದಿನದಿಂದ ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಅಧಿನಿಯಮವು, ಬೆಂಗಳೂರಿನಂತಹ ದೊಡ್ಡ ನಗರಗಳಲ್ಲಿ ತಿಂಗಳಿಗೆ 3500 ರೂಪಾಯಿಗಳನ್ನೂ ಉಳಿದೆಡೆ 2000 ರೂಪಾಯಿಗಳನ್ನೂ ಮೀರಿದ ಮನೆಗಳನ್ನು ತನ್ನ ರಕ್ಷಣೆಯಿಂದ ಹೊರಗಿರಿಸಿತು. ಬಾಡಿಗೆಗಳು ಏರಿದಂತೆಲ್ಲ ನಗರದ ಬಹುಪಾಲು ಸಂಸಾರಗಳು ಮತ್ತೆ 1882ರ ಕಾಯಿದೆಗೇ ಮರಳಿದವು. ಒಂದು ವರ್ಷವನ್ನು ಮೀರುವ ಕರಾರನ್ನು ನೋಂದಾಯಿಸಬೇಕಾದುದರಿಂದ ಎಲ್ಲೆಡೆಯೂ 11 ತಿಂಗಳ ಕರಾರು ರೂಢಿಯಾಗಿದೆ. ಮಾರಾಟದಿಂದ ಬಾಡಿಗೆಯು ಮುರಿಯದೆಂಬ ತತ್ತ್ವದ ಆಯುಷ್ಯವೂ ಹಾಗಾಗಿ ಅಷ್ಟಕ್ಕೇ ಇಳಿದಿದೆ. ಅದಕ್ಕಿಂತಲೂ ಕಳವಳಕರವಾದುದು, ಮಾಸಿಕ ಬಾಡಿಗೆಯ ಬದಲು ಲಕ್ಷಗಟ್ಟಲೆ ಇಡುಗಂಟನ್ನು ಕೊಟ್ಟು ನೋಂದಣಿಯಿಲ್ಲದ ಕಾಗದದ ಮೇಲೆ ಲೀಸಿಗೆ ಇರುವವರ ಸ್ಥಿತಿ. ಮನೆಯು ಕೈಬದಲಾಗುವಾಗ ಆ ಹಣವನ್ನು ಹಳಬನೇ ಹಿಂದಿರುಗಿಸುವನೋ, ಕ್ರಯದ ಮೊತ್ತದಲ್ಲಿ ಮುರಿದುಕೊಂಡು ಹೊಸಬನು ಹೊರುವನೋ ಎಂಬುದನ್ನು ಕ್ರಯಪತ್ರದಲ್ಲಿಯೇ ಬರೆಯಿಸಬೇಕೆಂದು ಅವರು ಹಟ ಹಿಡಿಯಬೇಕು, ಹಣವು ಕೈಸೇರುವತನಕ ಬೀಗದ ಕೈಯನ್ನು ಒಪ್ಪಿಸಬಾರದು.