ಎಂಜಿನ್ನಿನ ವೇಗಕ್ಕೆ ಲಗಾಮು ಹಿಡಿದ ಸುರುಳಿ

ಓಡುತ್ತಿರುವ ಎಂಜಿನ್ನಿನಲ್ಲಿ ಅತಿ ಕಠಿಣ ದುಡಿಮೆ ಯಾವ ಭಾಗದ್ದು ಎಂದು ಕೇಳಿದರೆ ನಿಮ್ಮಲ್ಲಿ ಬಹುಪಾಲು ಮಂದಿ ಪಿಸ್ಟನ್ ಎನ್ನುತ್ತೀರಿ. ಪಠ್ಯಪುಸ್ತಕದ ಚಿತ್ರದಲ್ಲಿ ಎದ್ದು ಕಾಣುವುದು ಅದೇ ತಾನೆ? ಆದರೆ ರೇಸ್ ಎಂಜಿನ್ ಕಟ್ಟುವವರನ್ನು ಕೇಳಿ ನೋಡಿ. ಅವರು ಬೆರಳು ತೋರಿಸುವುದು ಕವಾಟದ ಹಿಂದೆ ಅಡಗಿ ಕುಳಿತ ಒಂದು ತಂತಿಯ ಸುರುಳಿಯ ಕಡೆಗೆ. ಅದೇ ವಾಲ್ವ್ ಸ್ಪ್ರಿಂಗ್. ಇಡೀ ಎಂಜಿನ್ನಿನ ಬೆಲೆಯ ಮುಂದೆ ಅದರ ಬೆಲೆ ಅತ್ಯಲ್ಪ. ಆದರೆ ಅದು ತುಂಡಾದರೆ ವಾಲ್ವ್ ಸಿಲಿಂಡರಿನೊಳಗೆ ಬೀಳುತ್ತದೆ, ಮೇಲೇರಿ ಬರುವ ಪಿಸ್ಟನ್ ಅದಕ್ಕೆ ಗುದ್ದುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಎಂಜಿನ್ ಚೂರುಚೂರು. ಒಂದೇ ಎಂಜಿನ್ನಿನ ವಿಮಾನದಲ್ಲೋ, ಪೂರ್ಣ ವೇಗದಲ್ಲಿರುವ ಮೋಟಾರ್‌ಸೈಕಲ್ಲಿನಲ್ಲೋ ಹೀಗಾದರೆ ಪ್ರಶ್ನೆ ಎಂಜಿನ್ನಿನದಷ್ಟೇ ಆಗಿ ಉಳಿಯುವುದಿಲ್ಲ.

ನಾಲ್ಕು ಘಾತದ ಎಂಜಿನ್ ನಿಮಗೆ ಗೊತ್ತಿರುವುದೇ. ಕ್ಯಾಮ್ ತಿರುಗಿ ವಾಲ್ವನ್ನು ಒತ್ತಿ ತೆರೆಯುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ: ಕ್ಯಾಮ್ ತೆರೆಯುತ್ತದೆಯೇ ಹೊರತು ಮುಚ್ಚುವುದಿಲ್ಲ. ಮುಚ್ಚುವ ಕೆಲಸ ಸ್ಪ್ರಿಂಗಿನದು. ಕ್ಯಾಮ್ ಎಷ್ಟೇ ಬೇಗ ಇಳಿದು ಹೋಗಲಿ, ವಾಲ್ವ್ ಅದರ ಬೆನ್ನಿಗೆ ಅಂಟಿಕೊಂಡೇ ಹಿಂದಿರುಗುವಂತೆ ಸ್ಪ್ರಿಂಗ್ ನೋಡಿಕೊಳ್ಳಬೇಕು.

ಮೊದಮೊದಲು ಇದು ಸಮಸ್ಯೆಯೇ ಆಗಿರಲಿಲ್ಲ. 1885ರ ಡೈಮ್ಲರ್ ಎಂಜಿನ್ನಿನಲ್ಲಾಗಲಿ, ಅನಂತರ ಫ್ರಾನ್ಸಿನಲ್ಲಿ ಬಂದ ಡಿ ಡಿಯೋನ್-ಬೂಟೋನ್ ಎಂಜಿನ್ನುಗಳಲ್ಲಾಗಲಿ ಒಳಬರುವ ವಾಲ್ವಿಗೆ ಕ್ಯಾಮೇ ಇರಲಿಲ್ಲ. ಪಿಸ್ಟನ್ ಕೆಳಗಿಳಿಯುವಾಗ ಉಂಟಾಗುವ ಹೀರುವಿಕೆಯೇ ವಾಲ್ವನ್ನು ತೆರೆಯುತ್ತಿತ್ತು. ಆ ಅಲ್ಪ ಬಲಕ್ಕೆ ಸೋಲುವಂತಿರಬೇಕಾದ್ದರಿಂದ ಸ್ಪ್ರಿಂಗ್ ಬಹಳ ಮೆದುವಾಗಿರಬೇಕಿತ್ತು. ಅಂದರೆ ಅಂದಿನ ಮೆಕ್ಯಾನಿಕ್ಕನಿಗೆ ಸ್ಪ್ರಿಂಗ್ ತೀರಾ ಬಿಗಿಯಾಗಿಬಿಟ್ಟರೆ ಎಂಬ ಚಿಂತೆ! ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎರಡೂ ವಾಲ್ವುಗಳು ಕ್ಯಾಮಿನ ಅಧೀನಕ್ಕೆ ಬಂದವು, ಚಿಂತೆ ತಿರುವುಮುರುವಾಯಿತು.

ಈ ತಿರುವಿನ ಹೆಗ್ಗುರುತು 1912ರ ಪೆಜೊ. ಆ ವರ್ಷ ಫ್ರಾನ್ಸಿನ ಡಿಯೆಪ್‌ನಲ್ಲಿ ನಡೆದ ಗ್ರಾಂ ಪ್ರೀ ಸ್ಪರ್ಧೆಯಲ್ಲಿ 14 ಲೀಟರಿಗೂ ದೊಡ್ಡ ಎಂಜಿನ್ನಿನ ಫಿಯೆಟ್ ಕಾರುಗಳ ಎದುರು 7.6 ಲೀಟರಿನ ಪೆಜೊ ಇಳಿಯಿತು. ಚಾಲಕ ಜಾರ್ಜ್ ಬುವಾಲೊ. ಗೆದ್ದದ್ದು ಪೆಜೊ. ಆ ಎಂಜಿನ್ನಿನಲ್ಲಿ ತಲೆಯ ಮೇಲೆ ಎರಡು ಕ್ಯಾಮ್ ದಂಡಗಳು, ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವುಗಳು. ಒಂದು ಭಾರಿ ವಾಲ್ವಿನ ಬದಲು ಎರಡು ಹಗುರ ವಾಲ್ವುಗಳಿದ್ದರೆ ಪ್ರತಿಯೊಂದು ಸ್ಪ್ರಿಂಗಿನ ಹೊರೆಯೂ ಇಳಿಯುತ್ತದೆ. ಇಂದು ನೀವು ಬೀದಿಯಲ್ಲಿ ನೋಡುವ ಬಹುಪಾಲು ಕಾರುಗಳ ಎಂಜಿನ್ ಇದೇ ವಂಶದ್ದು.

ಈಗ ಸ್ವಲ್ಪ ಲೆಕ್ಕ ಮಾಡೋಣ, ಪೆನ್ಸಿಲ್ ಹಿಡಿದು ಜೊತೆಗೆ ಬನ್ನಿ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದೆ ಎನ್ನಿ. ಕ್ಯಾಮ್ ಅದರ ಅರ್ಧ ವೇಗದಲ್ಲಿ, ಅಂದರೆ ಸೆಕೆಂಡಿಗೆ 50 ಸುತ್ತು. ವಾಲ್ವ್ ತೆರೆದು ಮುಚ್ಚುವ ಅವಧಿ ಕ್ರ್ಯಾಂಕ್ ದಂಡದ ಸುಮಾರು 250 ಡಿಗ್ರಿ ಎಂದರೆ ಕಾಲ ಸುಮಾರು 7 ಮಿಲಿಸೆಕೆಂಡ್. ಅಷ್ಟರಲ್ಲಿ ವಾಲ್ವ್ ಹತ್ತು ಮಿಲಿಮೀಟರಿನಷ್ಟು ಹೋಗಿ ಹಿಂದಿರುಗಬೇಕು. ವೇಗ ಇಮ್ಮಡಿಯಾದರೆ ಕಾಲ ಅರ್ಧವಾಗುತ್ತದೆ, ವೇಗೋತ್ಕರ್ಷ ಮಾತ್ರ ನಾಲ್ಕು ಪಟ್ಟು ಏರುತ್ತದೆ. ವಾಲ್ವನ್ನು ಹಿಡಿದಿಡಲು ಬೇಕಾದ ಬಲವೂ ನಾಲ್ಕು ಪಟ್ಟು. ಬಲ ಸಾಲದೆ ಹೋದರೆ ವಾಲ್ವ್ ಕ್ಯಾಮಿನಿಂದ ಬೇರ್ಪಟ್ಟು ಗಾಳಿಯಲ್ಲಿ ತೇಲುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ವಾಲ್ವ್ ಫ್ಲೋಟ್ ಎನ್ನುತ್ತಾರೆ.

ಹಾಗಾದರೆ ಅತ್ಯಂತ ಬಿಗಿ ಸ್ಪ್ರಿಂಗ್ ಹಾಕಿಬಿಟ್ಟರಾಯಿತು ಎನ್ನುತ್ತೀರಾ? ಎಂಜಿನ್ ಕಟ್ಟಲು ಹೊರಟ ಹೊಸಬರೆಲ್ಲ ಹಾಗೆಯೇ ಯೋಚಿಸುತ್ತಾರೆ. ಬಿಗಿ ಸ್ಪ್ರಿಂಗ್ ಕ್ಯಾಮನ್ನು ಸವೆಸುತ್ತದೆ, ಘರ್ಷಣೆ ಹೆಚ್ಚಿಸಿ ಶಕ್ತಿಯನ್ನು ತಿನ್ನುತ್ತದೆ. ಬಿಗಿಗಾಗಿ ತಂತಿಯನ್ನು ದಪ್ಪ ಮಾಡಿದರೆ ಸ್ಪ್ರಿಂಗೇ ಭಾರವಾಗುತ್ತದೆ. ಆ ಭಾರದಲ್ಲೇ ನಿಜವಾದ ತೊಡಕು ಕುಳಿತಿರುವುದು.

ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ನಿಮಗೆ ಬಾಯಿಪಾಠವಾಗಿರುತ್ತದೆ: ಎಳೆತಕ್ಕೆ ತಕ್ಕ ಬಲ. ಪ್ರಯೋಗಶಾಲೆಯಲ್ಲಿ ತೂಕ ನೇತುಹಾಕಿ ಗ್ರಾಫ್ ಎಳೆಯುವಾಗ ಸ್ಪ್ರಿಂಗಿಗೆ ಸ್ವಂತ ತೂಕವಿಲ್ಲವೆಂದೇ ನಾವು ಭಾವಿಸುತ್ತೇವೆ. ಸೆಕೆಂಡಿಗೆ 50 ಸಲ ಕುಗ್ಗಿ ಹಿಗ್ಗುವ ಸ್ಪ್ರಿಂಗಿನ ವಿಷಯದಲ್ಲಿ ಈ ಭಾವನೆ ನಿಲ್ಲದು. ಅದರ ಪ್ರತಿ ಸುತ್ತಿಗೂ ಜಡತ್ವವಿದೆ, ಇಡೀ ಸುರುಳಿಗೆ ತನ್ನದೇ ಆದ ಸಹಜ ಆವರ್ತಾಂಕವಿದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಮೆಲ್ಲಗೆ ತಳ್ಳಿದರೂ ಅದು ಜೋರಾಗಿ ಜೀಕುತ್ತದಲ್ಲವೇ? ಹಾಗೆಯೇ ಕ್ಯಾಮಿನ ತಳ್ಳುವಿಕೆಯಲ್ಲಿ ಅಡಗಿರುವ ಹಲವು ಲಯಗಳಲ್ಲಿ ಒಂದು ಸ್ಪ್ರಿಂಗಿನ ಲಯಕ್ಕೆ ಕೂಡಿಬಂದರೆ ಅನುರಣನೆ ಉಂಟಾಗುತ್ತದೆ. ಸ್ಪ್ರಿಂಗಿನ ಸಹಜ ಆವರ್ತಾಂಕ 400 ಎಂದಿರಲಿ, ಕ್ಯಾಮ್ ಸೆಕೆಂಡಿಗೆ 50 ಸುತ್ತು ತಿರುಗುವಾಗ ಅದರ ಎಂಟನೆಯ ಲಯ ಅಲ್ಲಿಗೆ ಸರಿಯಾಗಿ ತಾಗುತ್ತದೆ. ಆಗ ಸುರುಳಿಯ ನಡುವಿನ ಸುತ್ತುಗಳು ಹುಚ್ಚೆದ್ದು ಹಿಂದೆ ಮುಂದೆ ಓಡುತ್ತವೆ. ವಾಲ್ವಿಗೆ ಬಲ ಬೇಕಾದ ಕ್ಷಣದಲ್ಲೇ ಅದು ಕುಸಿಯುತ್ತದೆ, ತಂತಿಯ ಮೇಲಿನ ಒತ್ತಡ ಮಾತ್ರ ಮಿತಿ ಮೀರುತ್ತದೆ.

ನಮ್ಮ ದೂರದರ್ಶನದ ಕ್ಯಾಮೆರಾಕ್ಕೆ ಇದನ್ನು ತೋರಿಸುವುದು ಸುಲಭವಲ್ಲ. ಅದು ಸೆಕೆಂಡಿಗೆ 25 ಚಿತ್ರ ತೆಗೆಯುತ್ತದೆ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ವಾಲ್ವ್ ಎರಡು ಸಲ ತೆರೆದು ಮುಚ್ಚಿರುತ್ತದೆ, ಸ್ಪ್ರಿಂಗ್ ನಿಶ್ಚಲವಾಗಿ ಕುಳಿತಂತೆ ಕಂಡರೂ ಕಂಡೀತು. ಎಂಜಿನಿಯರುಗಳು ಇದೇ ಮೋಸವನ್ನು ಉಪಯೋಗಕ್ಕೆ ತಂದುಕೊಂಡರು. ಕ್ಯಾಮಿನ ಲಯಕ್ಕೆ ಹೊಂದಿಸಿ ದೀಪವನ್ನು ಮಿನುಗಿಸುವ ಸ್ಟ್ರೋಬೋಸ್ಕೋಪಿನ ಬೆಳಕಿನಲ್ಲಿ ಸುರುಳಿಯ ನಡುಕ ಕಣ್ಣಿಗೇ ಕಾಣುತ್ತದೆ.

ನಡುಕಕ್ಕೆ ಕಂಡುಕೊಂಡ ಪರಿಹಾರಗಳು ಹಲವು. ದೊಡ್ಡ ಸುರುಳಿಯೊಳಗೆ ಬೇರೆ ಆವರ್ತಾಂಕದ ಚಿಕ್ಕ ಸುರುಳಿಯನ್ನು ಎದುರು ದಿಕ್ಕಿಗೆ ಸುತ್ತಿ ಕೂರಿಸಿದರು. ಹೊರಗಿನದು ತುಂಡಾದರೂ ಒಳಗಿನದು ವಾಲ್ವನ್ನು ಬೀಳದಂತೆ ಹಿಡಿದುಕೊಳ್ಳಬಲ್ಲದು ಎಂಬ ಭರವಸೆ ಅದರೊಡನೆ ದೊರೆಯಿತು. ಸುತ್ತುಗಳ ನಡುವಿನ ಅಂತರವನ್ನು ಒಂದೊಂದು ಕಡೆ ಒಂದೊಂದು ತರ ಮಾಡಿ ಲಯ ತಪ್ಪಿಸಿದರು. ಮೇಲ್ತುದಿ ಕಿರಿದಾದ ಜೇನುಗೂಡಿನಾಕಾರದ ಸ್ಪ್ರಿಂಗ್ ಬಂತು. ಅದರಲ್ಲಿ ಚಲಿಸುವ ತುದಿಯೇ ಹಗುರ.

ಇನ್ನೊಂದು ಶತ್ರು ಲೋಹದ ದಣಿವು. ಜರ್ಮನಿಯ ಆಗಸ್ಟ್ ವೋಲರ್ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲಿನ ಅಚ್ಚುಗಳು ಏಕೆ ಮುರಿಯುತ್ತವೆ ಎಂದು ಹುಡುಕುತ್ತಾ, ಒಂದೇ ಸಲ ತಡೆದುಕೊಳ್ಳಬಲ್ಲ ಬಲಕ್ಕಿಂತ ಎಷ್ಟೋ ಕಡಿಮೆ ಬಲ ಕೂಡ ಮತ್ತೆ ಮತ್ತೆ ಬಿದ್ದರೆ ಉಕ್ಕನ್ನು ಮುರಿಯುತ್ತದೆ ಎಂದು ತೋರಿಸಿದ. ವಾಲ್ವ್ ಸ್ಪ್ರಿಂಗಿನ ಪಾಡು ನೋಡಿ: ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ನಿಮಿಷಕ್ಕೆ 3,000 ಸುತ್ತು ತಿರುಗುತ್ತಾ ಒಂದು ಲಕ್ಷ ಕಿಲೋಮೀಟರ್ ಓಡಿದ ಕಾರಿನ ಪ್ರತಿ ಸ್ಪ್ರಿಂಗೂ 15 ಕೋಟಿ ಸಲ ಕುಗ್ಗಿ ಹಿಗ್ಗಿರುತ್ತದೆ. ತಂತಿಯ ಮೇಲ್ಮೈಯಲ್ಲಿ ಕೂದಲೆಳೆಯಂಥ ಒಂದು ಗೀರು, ಒಳಗೆ ಉಕ್ಕು ಕರಗಿಸುವಾಗ ಉಳಿದ ಕಿಟ್ಟದ ಒಂದು ಕಣ, ಇಷ್ಟಿದ್ದರೆ ಸಾಕು, ಅಲ್ಲಿಂದ ಬಿರುಕು ಹೊರಡುತ್ತದೆ.

ಇದಕ್ಕೆ ಸಿಕ್ಕ ಮದ್ದು ನನಗೆ ಈ ಇಡೀ ಕಥೆಯಲ್ಲೇ ಅತ್ಯಂತ ಸೊಗಸಾಗಿ ಕಾಣುತ್ತದೆ. 1930ರ ಆಸುಪಾಸಿನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಬ್ಯೂಕ್ ಮತ್ತು ಕ್ಯಾಡಿಲಾಕ್ ಕಾರುಗಳ ವಾಲ್ವ್ ಸ್ಪ್ರಿಂಗುಗಳ ಮೇಲೆ ಉಕ್ಕಿನ ಸಣ್ಣ ಗುಂಡುಗಳನ್ನು ಮಳೆಯಂತೆ ಎರಚಲು ಆರಂಭಿಸಿದರು. ಹಾಗೆ ಏಟು ತಿಂದ ಸ್ಪ್ರಿಂಗುಗಳ ಆಯುಷ್ಯ ಬಹಳಷ್ಟು ಹೆಚ್ಚಿತು! ಪ್ರತಿ ಗುಂಡೂ ಮೇಲ್ಮೈಯಲ್ಲಿ ಒಂದು ಪುಟ್ಟ ಕುಳಿ ಮಾಡುತ್ತದೆ. ಮೇಲಿನ ತೆಳು ಪದರ ಹಿಗ್ಗಲು ನೋಡುತ್ತದೆ, ಕೆಳಗಿನ ಲೋಹ ಬಿಡುವುದಿಲ್ಲ, ಹೀಗಾಗಿ ಆ ಪದರ ಸದಾ ಅದುಮಿದ ಸ್ಥಿತಿಯಲ್ಲಿ ಉಳಿಯುತ್ತದೆ. ಬಿರುಕು ಬಾಯ್ತೆರೆಯಬೇಕಾದರೆ ಎಳೆತ ಬೇಕು. ಆ ಎಳೆತ ಮೊದಲು ಈ ಅದುಮುವಿಕೆಯನ್ನು ಗೆಲ್ಲಬೇಕಾಗುತ್ತದೆ. ಕುಲುಮೆಯ ಮುಂದೆ ಕುಡುಗೋಲನ್ನು ತಣ್ಣಗೆ ಬಡಿದು ಗಟ್ಟಿ ಮಾಡುವ ನಮ್ಮ ಕಮ್ಮಾರರ ಕೆಲಸಕ್ಕೂ ಇದಕ್ಕೂ ದೂರದ ನೆಂಟಸ್ತಿಕೆಯಿದೆ. ಎಷ್ಟು ಏಟು ಸಾಕು ಎಂದು ಅಳೆಯಲು ಅದೇ ಸಂಸ್ಥೆಯ ಜಾನ್ ಆಲ್ಮೆನ್ ಒಂದು ಸರಳ ಉಪಾಯ ಹೂಡಿದರು. ತೆಳುವಾದ ಉಕ್ಕಿನ ಪಟ್ಟಿಯ ಒಂದೇ ಮಗ್ಗುಲಿಗೆ ಗುಂಡು ಎರಚಿದರೆ ಅದು ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಅಳತೆಯೇ ಏಟಿನ ಅಳತೆ. ಆಲ್ಮೆನ್ ಪಟ್ಟಿ ಇಂದಿಗೂ ಬಳಕೆಯಲ್ಲಿದೆ.

ಸುರುಳಿಯ ಸಹವಾಸವೇ ಬೇಡ ಎಂದವರೂ ಇದ್ದರು. ಬ್ರಿಟನ್ನಿನ ನಾರ್ಟನ್ ಮ್ಯಾಂಕ್ಸ್ ರೇಸ್ ಬೈಕುಗಳಲ್ಲಿ, 1958ರಲ್ಲಿ ಫಾರ್ಮುಲಾ ಒನ್ ತಯಾರಕರ ಪ್ರಶಸ್ತಿ ಗೆದ್ದ ವ್ಯಾನ್ವಾಲ್ ಕಾರಿನಲ್ಲಿ, ಬಟ್ಟೆ ಒಣಗಿಸುವ ಕ್ಲಿಪ್ಪಿನೊಳಗಿನ ತಂತಿಯನ್ನು ಹೋಲುವ ಹೇರ್‌ಪಿನ್ ಸ್ಪ್ರಿಂಗುಗಳಿದ್ದವು. ಇನ್ನು ಕೆಲವರು ಸ್ಪ್ರಿಂಗನ್ನೇ ಕೈಬಿಟ್ಟು ಮುಚ್ಚುವುದಕ್ಕೂ ಒಂದು ಕ್ಯಾಮ್ ಇಟ್ಟರು. ಈ ಡೆಸ್ಮೋಡ್ರೋಮಿಕ್ ವ್ಯವಸ್ಥೆ 1914ರ ಡೆಲಾಜ್ ಕಾರಿನಲ್ಲಿತ್ತು. 1954ರಲ್ಲಿ ರೇಮ್ಸ್‌ನ ಮೊದಲ ಸ್ಪರ್ಧೆಯಲ್ಲೇ ಫಾಂಜಿಯೊ ಗೆದ್ದ ಮರ್ಸಿಡಿಸ್ ಡಬ್ಲ್ಯು 196ರಲ್ಲೂ ಇತ್ತು. 1956ರಲ್ಲಿ ಫ್ಯಾಬಿಯೊ ಟಾಲ್ಯೋನಿ ಅದನ್ನು ಇಟಲಿಯ ಡುಕಾಟಿ 125 ಬೈಕಿಗೆ ತಂದರು, 1968ರಲ್ಲಿ ಅದು ರಸ್ತೆಯ ಬೈಕಿಗೂ ಇಳಿಯಿತು. ಭಾಗಗಳು ಹೆಚ್ಚು, ಹೊಂದಾಣಿಕೆ ಬಲು ನಾಜೂಕು. ಹಾಗಾಗಿ ಉಳಿದ ಕಂಪನಿಗಳು ಆ ದಾರಿ ಹಿಡಿಯಲಿಲ್ಲ.

ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳಿಗೆ ಈ ತಲೆನೋವೇ ಇರಲಿಲ್ಲ ಎನ್ನಿ. ಅವು ಎರಡು ಘಾತದ ಎಂಜಿನ್ನುಗಳು, ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ.

ಉಕ್ಕಿನ ಸುರುಳಿಯ ಮಿತಿಯನ್ನು ನಿಜವಾಗಿ ದಾಟಿದವರು ಫ್ರಾನ್ಸಿನ ರೆನೊ ಎಂಜಿನಿಯರುಗಳು. 1986ರ ಫಾರ್ಮುಲಾ ಒನ್ ಎಂಜಿನ್ನಿನಲ್ಲಿ ಅವರು ಸುರುಳಿಯನ್ನು ತೆಗೆದು, ಅದರ ಜಾಗದಲ್ಲಿ ಒತ್ತಡಕ್ಕೊಳಪಡಿಸಿದ ಸಾರಜನಕ ತುಂಬಿದ ಪುಟ್ಟ ಕೋಶವನ್ನಿಟ್ಟರು. ಅನಿಲಕ್ಕೆ ತೂಕ ನಗಣ್ಯ, ನಡುಗಲು ಸುತ್ತುಗಳಿಲ್ಲ, ದಣಿಯಲು ಲೋಹವಿಲ್ಲ. ಸೋರಿಕೆಯೊಂದೇ ಭಯ, ಅದಕ್ಕಾಗಿ ಕಾರಿನಲ್ಲೇ ಒಂದು ಸಣ್ಣ ಅನಿಲದ ಬಾಟಲಿ. ಕೆಲವೇ ವರ್ಷಗಳಲ್ಲಿ ಹೋಂಡಾ ಮತ್ತಿತರರೂ ಇದನ್ನೇ ಅನುಸರಿಸಿದರು. 2006ರ ಹೊತ್ತಿಗೆ ಫಾರ್ಮುಲಾ ಒನ್ ಎಂಜಿನ್ ನಿಮಿಷಕ್ಕೆ 20,000 ಸುತ್ತು ಮುಟ್ಟಿತು. 2007ರಲ್ಲಿ 19,000ಕ್ಕೂ 2009ರಲ್ಲಿ 18,000ಕ್ಕೂ ಮಿತಿ ಹಾಕಿದ್ದು ನಿಯಮಾವಳಿಯೇ ಹೊರತು ಸ್ಪ್ರಿಂಗ್ ಅಲ್ಲ.

ಆದರೆ ನಿಮ್ಮಲ್ಲಿ ಯಾರಾದರೂ ಕಾಲೇಜಿನ ವರ್ಕ್‌ಶಾಪಿನಲ್ಲಿ ಎಂಜಿನ್ ಕಟ್ಟುವುದಾದರೆ ಸಿಗುವುದು ಸುರುಳಿಯೇ. ಕ್ರೋಮ್-ಸಿಲಿಕಾನ್ ಉಕ್ಕಿನ, ಗುಂಡೇಟು ತಿಂದ, ನುಣುಪಾದ ತಂತಿಯದನ್ನು ಆರಿಸಿಕೊಳ್ಳಿ. ಬಿಗಿಯನ್ನು ಕ್ಯಾಮ್ ತಯಾರಕರು ಹೇಳಿದ ಬಲಕ್ಕೆ ಹೊಂದಿಸಿ, ಅದರ ಮೇಲೆ ಇನ್ನಷ್ಟಿರಲಿ ಎಂಬ ಆಸೆ ಬೇಡ. ವಾಲ್ವ್ ಪೂರ್ತಿ ತೆರೆದಾಗ ಸುತ್ತುಗಳು ಒಂದಕ್ಕೊಂದು ತಾಗಿ ಕಟ್ಟಿಕೊಳ್ಳಬಾರದು, ಒಟ್ಟು ಒಂದು ಒಂದೂವರೆ ಮಿಲಿಮೀಟರ್ ಬಿಡುವು ಉಳಿಯಬೇಕು. ಡಬ್ಬಿಯ ಮೇಲಿನ ಅಂಕಿ ನಂಬದೆ ಪ್ರತಿಯೊಂದನ್ನೂ ಅಳೆಯಿರಿ. ಹೊಸ ಸ್ಪ್ರಿಂಗ್ ಮೊದಲ ಬಿಸಿಗೆ ಸ್ವಲ್ಪ ಸೋಲುತ್ತದೆ, ಆದ್ದರಿಂದ ಓಡಿಸಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಉಳಿದ ಹಣವಿದ್ದರೆ ಹಗುರವಾದ ವಾಲ್ವಿಗೆ ಹಾಕಿ. ಸ್ಪ್ರಿಂಗನ್ನು ಗಟ್ಟಿ ಮಾಡುವುದಕ್ಕಿಂತ ಅದರ ಹೊರೆ ಇಳಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಡುಕಾಟಿಯ ವಿಷಯ ಅರ್ಧಕ್ಕೆ ನಿಂತಿತ್ತು. ದಶಕಗಳ ಕಾಲ ಡೆಸ್ಮೋವನ್ನೇ ತನ್ನ ಗುರುತಾಗಿಸಿಕೊಂಡಿದ್ದ ಆ ಕಂಪನಿ 2020ರಲ್ಲಿ ಮಲ್ಟಿಸ್ಟ್ರಾಡಾ ವಿ4 ಬೈಕನ್ನು ಹೊರತಂದಾಗ ಅದರ ಎಂಜಿನ್ನಿನಲ್ಲಿದ್ದದ್ದು ಸಾಮಾನ್ಯ ಸುರುಳಿ ಸ್ಪ್ರಿಂಗುಗಳು. ಅದರ ವಾಲ್ವುಗಳ ಅಂತರವನ್ನು 60,000 ಕಿಲೋಮೀಟರಿಗೊಮ್ಮೆ ಪರೀಕ್ಷಿಸಿದರೆ ಸಾಕು.